ಹಳೆಯ ಡೀಸೆಲ್ ಪಿಕಪ್‌ ಮನೆಯಂಗಳದಲ್ಲೇ ದುರಸ್ತಿ: ಯಾವ ಕೆಲಸ ಮೊದಲು, ಯಾವುದು ನಂತರ

ಹಳೆಯ ಪಿಕಪ್ ಇಟ್ಟುಕೊಂಡವರು ಮನೆಯಲ್ಲೇ ದುರಸ್ತಿಗೆ ಕೈ ಹಾಕಿದಾಗ ಮೂರು ಕಡೆ ಮತ್ತೆ ಮತ್ತೆ ಸಿಕ್ಕಿಕೊಳ್ಳುತ್ತಾರೆ. ಡೀಸೆಲ್ ಫಿಲ್ಟರ್ ಬದಲಿಸಿದ ಮೇಲೆ ಎಂಜಿನ್ ಸ್ಟಾರ್ಟ್ ಆಗುವುದೇ ಇಲ್ಲ; ಬ್ರೇಕ್ ಪೈಪಿನೊಳಗೆ ಸಿಕ್ಕಿದ ಗಾಳಿಯನ್ನು (ಏರ್) ಎಷ್ಟು ಸಲ ತೆಗೆದರೂ ಪೆಡಲ್ ಮೆತ್ತಗೇ ಉಳಿಯುತ್ತದೆ; ಹೊಸ ಬ್ಯಾಟರಿ ಕೂರಿಸಿದರೂ ಸೆಲ್ಫ್ (ಸ್ಟಾರ್ಟರ್) ಹೊಡೆದಾಗ ಎಂಜಿನ್ ನಿಧಾನವಾಗಿಯೇ ತಿರುಗುತ್ತದೆ. ಈ ಮೂರು ತೊಂದರೆಗಳಿಗೂ ಕಾರಣ ಬಹುಪಾಲು ಒಂದೇ: ಕೆಲಸದ ಕ್ರಮ ತಪ್ಪಿರುತ್ತದೆ. ಆದ್ದರಿಂದ ಇಲ್ಲಿರುವ ಹಂತಗಳನ್ನು ಒಂದರ ಮೇಲೊಂದು ನಿಲ್ಲುವಂತೆ ಜೋಡಿಸಿದ್ದೇನೆ. ಸ್ಟಾರ್ಟರ್ ಸರಿಯಾಗಿ ತಿರುಗದಿದ್ದರೆ ಡೀಸೆಲ್ ಲೈನಿನ ಏರ್ ತೆಗೆಯಲಾಗದು. ಎಂಜಿನ್ ಓಡದಿದ್ದರೆ ಕೂಲೆಂಟ್ ತುಂಬುವ ಕೆಲಸವೂ ಮುಗಿಯದು, ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿನ ಪರೀಕ್ಷೆಯೂ ಆಗದು.

ಈ ಮಾರ್ಗದರ್ಶಿ ಬೊಲೆರೊ ಪಿಕಪ್‌ನಂಥ, ಯಾಂತ್ರಿಕ ಇಂಜೆಕ್ಷನ್ ಪಂಪ್ ಇರುವ ಹಳೆಯ ಡೀಸೆಲ್ ವಾಹನಗಳಿಗೆ ಸಂಬಂಧಿಸಿದ್ದು. ದೇಶದಾದ್ಯಂತ 2017ರ ಏಪ್ರಿಲ್‌ನಿಂದ ಬಿಎಸ್-4 ಎಂಬ ಹೊಗೆ ನಿಯಂತ್ರಣ ಮಾನದಂಡ ಕಡ್ಡಾಯವಾಯಿತು. ಆ ನಂತರದ ಪಿಕಪ್‌ಗಳಲ್ಲಿ, ಅದಕ್ಕೂ ಹಿಂದಿನ ಕೆಲವು ಮಾದರಿಗಳಲ್ಲಿ, ಎಲ್ಲ ಇಂಜೆಕ್ಟರುಗಳಿಗೂ ಒಂದೇ ಅಧಿಕ ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವ ಕಾಮನ್ ರೈಲ್ ವ್ಯವಸ್ಥೆ ಇರುತ್ತದೆ. ಕಾಮನ್ ರೈಲಿನಲ್ಲಿ ಡೀಸೆಲ್ ಒತ್ತಡ 1000 ಬಾರ್ ದಾಟುವುದರಿಂದ, 6ನೆಯ ಹಂತದಲ್ಲಿ ಹೇಳಿರುವಂತೆ ಇಂಜೆಕ್ಟರ್ ಪೈಪಿನ ನಟ್ಟನ್ನು ಸಡಿಲಿಸುವ ಕೆಲಸವನ್ನು ಅಂಥ ಎಂಜಿನ್‌ಗಳಲ್ಲಿ ಯಾವ ಕಾರಣಕ್ಕೂ ಮಾಡಬಾರದು. ನಿಮ್ಮ ಎಂಜಿನ್ ಯಾವುದೆಂದು ಖಚಿತವಿಲ್ಲದಿದ್ದರೆ ಮೊದಲು ಅದನ್ನು ತಿಳಿದುಕೊಳ್ಳಿ. ಇಂಜೆಕ್ಟರ್‌ನ ತಲೆಗೆ ವಿದ್ಯುತ್ ವೈರಿನ ಸಾಕೆಟ್ ಇದ್ದರೆ ಅದನ್ನು ಕಾಮನ್ ರೈಲ್ ಎಂದೇ ಪರಿಗಣಿಸಿ.

1. ಸ್ಥಳ, ಉಪಕರಣ, ಬಿಡಿಭಾಗ

ಕೆಲಸಕ್ಕೆ ಸಮತಟ್ಟಾದ, ಗಟ್ಟಿಯಾದ ನೆಲ ಬೇಕು. ಮಣ್ಣಿನ ಅಂಗಳವಾದರೆ ಜಾಕಿನ ಅಡಿಗೆ ಕನಿಷ್ಠ ಒಂದು ಅಡಿ ಅಗಲದ ದಪ್ಪ ಹಲಗೆ ಹಾಕಬೇಕು. ಇಲ್ಲದಿದ್ದರೆ ಜಾಕ್ ನೆಲದೊಳಕ್ಕೆ ಇಳಿಯುತ್ತಾ ಓರೆಯಾಗುತ್ತದೆ.

ಉಪಕರಣಗಳಲ್ಲಿ 8ರಿಂದ 22 ಮಿ.ಮೀ.ವರೆಗಿನ ರಿಂಗ್ ಸ್ಪ್ಯಾನರ್‌ಗಳು, ಸಾಕೆಟ್ ಸೆಟ್, ಹೈಡ್ರಾಲಿಕ್ ಬಾಟಲ್ ಜಾಕ್, ಒಂದು ಜೊತೆ ಜಾಕ್ ಸ್ಟ್ಯಾಂಡ್, ಗ್ರೀಸ್ ಗನ್, ಮಲ್ಟಿಮೀಟರ್, ತಂತಿ ಬ್ರಷ್, ತುಕ್ಕು ಬಿಡಿಸುವ ಸ್ಪ್ರೇ, ಒಂದು ಮೀಟರ್ ಪಾರದರ್ಶಕ ಟ್ಯೂಬ್ ಮತ್ತು ಸಾಧ್ಯವಾದರೆ ಟಾರ್ಕ್ ರೆಂಚ್ ಇರಲಿ. ಡೀಸೆಲ್ ಮತ್ತು ಬ್ರೇಕ್ ಕೆಲಸಕ್ಕೆ ಓಪನ್ ಸ್ಪ್ಯಾನರ್ ಬಳಸಬೇಡಿ. ಹಳೆಯ ನಟ್ಟಿನ ಮೂಲೆಗಳು ಸವೆದು ದುಂಡಗಾದರೆ ಅರ್ಧ ಗಂಟೆಯ ಕೆಲಸ ಎರಡು ದಿನಕ್ಕೆ ಎಳೆಯುತ್ತದೆ. ಹಣ ಮಿತವಾಗಿದ್ದರೆ, ನನ್ನ ಅಭಿಪ್ರಾಯದಲ್ಲಿ, ಮೊದಲು ಕೊಳ್ಳಬೇಕಾದದ್ದು ಜಾಕ್ ಸ್ಟ್ಯಾಂಡ್, ಎರಡನೆಯದು ಮಲ್ಟಿಮೀಟರ್.

ಬಿಡಿಭಾಗಗಳನ್ನು ಬಿಚ್ಚುವ ಮೊದಲೇ ತಂದಿಟ್ಟುಕೊಳ್ಳಿ. ವಿಶೇಷವಾಗಿ ತಾಮ್ರದ ವಾಷರ್‌ಗಳನ್ನು ಮರೆಯಬೇಡಿ. ಅಂಗಡಿಯಲ್ಲಿ ಫಿಲ್ಟರ್ ಮಾತ್ರ ಕೇಳಿ ತಂದು, ಹಳೆಯ ವಾಷರ್‌ಗಳನ್ನೇ ಮತ್ತೆ ಹಾಕಿದ್ದರಿಂದ ಏರ್ ಎಳೆಯುವ ಗಾಡಿಗಳು ಬಹಳ.

2. ವಾಹನವನ್ನು ಎತ್ತುವ ಕ್ರಮ

ನೆಲ ಸಮವಿರುವಲ್ಲಿ ಗಾಡಿ ನಿಲ್ಲಿಸಿ, ಗೇರಿಗೆ ಹಾಕಿ, ಎತ್ತದೇ ಇರುವ ತುದಿಯ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಡಿ. ಹಿಂಬದಿ ಎತ್ತುವಾಗ ಗೇರು ಮತ್ತು ಹ್ಯಾಂಡ್‌ಬ್ರೇಕ್ ಎರಡೂ ಪ್ರಯೋಜನಕ್ಕೆ ಬರುವುದಿಲ್ಲ, ಏಕೆಂದರೆ ಇವೆರಡೂ ಹಿಡಿಯುವುದು ಹಿಂದಿನ ಚಕ್ರಗಳನ್ನೇ. ಆಗ ಗಾಡಿಯನ್ನು ತಡೆದು ನಿಲ್ಲಿಸುವುದು ಮುಂದಿನ ಚಕ್ರಕ್ಕೆ ಕೊಟ್ಟ ಮರದ ತುಂಡು ಮಾತ್ರ.

ಚಕ್ರದ ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ನಂತರ ಎತ್ತಿ. ಜಾಕನ್ನು ಹೌಸಿಂಗ್‌ನ (ಹಿಂದಿನ ಆಕ್ಸೆಲಿನ ಹೊರಕವಚ) ಅಡಿಗೆ, ಪಾಟಾ (ಲೀಫ್ ಸ್ಪ್ರಿಂಗ್) ಕೂರುವ ಜಾಗದ ಹತ್ತಿರ ಕೊಡಬೇಕು. ಮಧ್ಯದ ಡಿಫರೆನ್ಷಿಯಲ್ ಗುಂಡಿನ ಅಡಿಗೆ ಕೊಟ್ಟರೆ ಗಾಡಿ ಒಂದು ಬದಿಗೆ ವಾಲಬಹುದು. ಎತ್ತಿದ ಕೂಡಲೇ ಸ್ಟ್ಯಾಂಡ್ ಇಟ್ಟು, ಭಾರವನ್ನು ಅದರ ಮೇಲೆ ಇಳಿಸಿ, ಗಾಡಿಯನ್ನು ಕೈಯಿಂದ ಜೋರಾಗಿ ಅಲುಗಾಡಿಸಿ ನೋಡಿ. ಅಲುಗಾಡಿಸಿದಾಗ ಕದಲುವ ಗಾಡಿಯ ಅಡಿಗೆ ತಲೆ ಹಾಕಬಾರದು.

ಸಿಮೆಂಟಿನ ಹಾಲೋ ಬ್ಲಾಕ್, ಇಟ್ಟಿಗೆ, ಕರಾವಳಿಯಲ್ಲಿ ಸುಲಭವಾಗಿ ಸಿಗುವ ಕೆಂಪುಕಲ್ಲು, ಇವು ಯಾವುವೂ ಸ್ಟ್ಯಾಂಡಿಗೆ ಬದಲಿಯಲ್ಲ. ಇವು ನಿಧಾನವಾಗಿ ಬಾಗಿ ಎಚ್ಚರಿಕೆ ಕೊಡುವುದಿಲ್ಲ, ಒಮ್ಮೆಲೇ ಒಡೆದು ಪುಡಿಯಾಗುತ್ತವೆ. ಬಿಚ್ಚಿದ ಚಕ್ರವನ್ನು ಚಾಸಿಯ ಅಡಿಗೆ ಅಡ್ಡ ಮಲಗಿಸಿ ಇಡುವುದು ಒಳ್ಳೆಯ ಅಭ್ಯಾಸ. ಸ್ಟ್ಯಾಂಡ್ ಜಾರಿದರೂ ಮೈಮೇಲೆ ಬೀಳದಂತೆ ಅದು ಒಂದಿಷ್ಟು ಎಡೆ ಉಳಿಸುತ್ತದೆ.

3. ತೊಳೆದು, ಓಡಿಸಿ, ಸೋರಿಕೆಯನ್ನು ಗುರುತಿಸುವುದು

ಎಂಜಿನ್ನಿನ ಅಡಿಭಾಗ, ಗೇರ್‌ಬಾಕ್ಸ್, ಹೌಸಿಂಗ್ ಮತ್ತು ನಾಲ್ಕೂ ಚಕ್ರಗಳ ಒಳಬದಿಯನ್ನು ತೊಳೆದು ಒಣಗಿಸಿ. ನೀರನ್ನು ಆಲ್ಟರ್ನೇಟರ್, ಸ್ಟಾರ್ಟರ್ ಮತ್ತು ಏರ್ ಫಿಲ್ಟರ್‌ನ ಬಾಯಿಗೆ ನೇರವಾಗಿ ಹಿಡಿಯಬಾರದು. ನಂತರ ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ, ರಾತ್ರಿ ಅಡಿಗೆ ಹಳೆಯ ರಟ್ಟು ಹಾಸಿ ನಿಲ್ಲಿಸಿ. ಬೆಳಿಗ್ಗೆ ರಟ್ಟಿನ ಮೇಲೆ ಎಲ್ಲಿ ಏನು ಬಿದ್ದಿದೆ ಎಂಬುದನ್ನು ನೋಡಿದರೆ ಅರ್ಧ ರೋಗ ತಿಳಿಯುತ್ತದೆ.

ಕಪ್ಪು ತೆಳು ಹನಿ ಎಂಜಿನ್ ಆಯಿಲ್. ದಪ್ಪಗಿದ್ದು ಗಂಧಕದಂಥ ಘಾಟು ವಾಸನೆ ಬರುವುದು ಗೇರ್ ಆಯಿಲ್. ಹಸಿರು ಅಥವಾ ಕೆಂಪು ಬಣ್ಣದ, ಬೆರಳಿಗೆ ಜಾರುವ ನೀರಿನಂಥದ್ದು ಕೂಲೆಂಟ್. ಚಕ್ರದ ಒಳಬದಿಯಲ್ಲಿ ತೇವವಿದ್ದರೆ ವಿಶೇಷ ಗಮನ ಕೊಡಿ: ಅದು ದಪ್ಪಗಿದ್ದರೆ ಆಕ್ಸೆಲ್ ಆಯಿಲ್ ಸೀಲ್ ಹೋಗಿದೆ, ತೆಳ್ಳಗಿದ್ದು ಅಲ್ಲಿನ ಪೇಂಟು ಉಬ್ಬಿ ಸುಲಿದಿದ್ದರೆ ಚಕ್ರದೊಳಗೆ ಬ್ರೇಕ್ ಲೈನರನ್ನು ತಳ್ಳುವ ವೀಲ್ ಸಿಲಿಂಡರ್‌ನಿಂದ ಬ್ರೇಕ್ ಆಯಿಲ್ ಸೋರುತ್ತಿದೆ. ಎರಡನೆಯದು ಕಂಡ ಗಾಡಿಯನ್ನು ದುರಸ್ತಿಯಾಗುವವರೆಗೆ ರಸ್ತೆಗೆ ತೆಗೆಯಬೇಡಿ.

4. ಬ್ಯಾಟರಿ, ಅರ್ತ್ ಮತ್ತು ಸ್ಟಾರ್ಟರ್

ಸೆಲ್ಫ್ ನಿಧಾನವಾದ ಕೂಡಲೇ ಬ್ಯಾಟರಿ ಬದಲಿಸುವುದು ಹೆಚ್ಚಿನವರು ಮಾಡುವ ದುಬಾರಿ ತಪ್ಪು. ಮಲ್ಟಿಮೀಟರಿನಿಂದ ನಾಲ್ಕು ಅಳತೆ ತೆಗೆದರೆ ದೋಷ ಯಾವ ಕಡೆಗಿದೆ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಮೊದಲನೆಯದು, ರಾತ್ರಿಯಿಡೀ ನಿಂತ ಬ್ಯಾಟರಿಯ ವೋಲ್ಟೇಜ್. 12.6 ಇದ್ದರೆ ಪೂರ್ಣ ಚಾರ್ಜ್, 12.2ರ ಆಸುಪಾಸು ಇದ್ದರೆ ಸುಮಾರು ಅರ್ಧ. ಎರಡನೆಯದು, ಸಹಾಯಕರು ಸೆಲ್ಫ್ ಹೊಡೆಯುತ್ತಿರುವಾಗ ಬ್ಯಾಟರಿಯ ಎರಡು ಕಂಬಗಳ ನಡುವಿನ ವೋಲ್ಟೇಜ್. ಪೂರ್ಣ ಚಾರ್ಜ್ ಇರುವ ಬ್ಯಾಟರಿ ಆಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯ ಮೇಲೆ ಅಥವಾ ಸ್ಟಾರ್ಟರ್ ಅತಿಯಾಗಿ ಎಳೆಯುತ್ತಿದೆಯೇ ಎಂಬುದರ ಮೇಲೆ ಸಂಶಯಪಡಬೇಕು. ಮೂರನೆಯದು, ಸೆಲ್ಫ್ ಹೊಡೆಯುವಾಗಲೇ ಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ ಬ್ಲಾಕಿನ ಸ್ವಚ್ಛ ಲೋಹಕ್ಕೂ ಹಿಡಿದು ನೋಡುವುದು. ಇಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದೋಷ ಅರ್ತ್ ಕೇಬಲಿನಲ್ಲಿದೆ. ನಾಲ್ಕನೆಯದು, ಎಂಜಿನ್ ಓಡುವಾಗಿನ ಚಾರ್ಜಿಂಗ್, ಅದು 13.8ರಿಂದ 14.4ರ ನಡುವೆ ಇರಬೇಕು.

ಹಳೆಯ ಪಿಕಪ್‌ಗಳಲ್ಲಿ ಮೂರನೆಯ ಅಳತೆಯೇ ಹೆಚ್ಚಾಗಿ ಕಳ್ಳನನ್ನು ಹಿಡಿದುಕೊಡುತ್ತದೆ. ಚಾಸಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಹೆಣೆದ ಅರ್ತ್ ಪಟ್ಟಿಯ ಎಳೆಗಳು ಹಸಿರುಗಟ್ಟಿ ತುಂಡಾಗಿರುತ್ತವೆ, ಇಲ್ಲವೇ ಅದರ ಬೋಲ್ಟಿನ ಅಡಿಯಲ್ಲಿ ತುಕ್ಕಿನ ಪದರ ಕೂತಿರುತ್ತದೆ. ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಮಾಡಿ, ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಕೂರಿಸುವಾಗ ನೆಗೆಟಿವ್ ಕೊನೆಗೆ ಎಂಬ ನಿಯಮವನ್ನು ಎಂದಿಗೂ ತಪ್ಪಬೇಡಿ.

5. ಎಂಜಿನ್ ಆಯಿಲ್ ಮತ್ತು ಗೇರ್ ಆಯಿಲ್

ಎಂಜಿನ್ ಆಯಿಲನ್ನು ಎಂಜಿನ್ ಹದವಾಗಿ ಬಿಸಿಯಿರುವಾಗ ಇಳಿಸಬೇಕು. ತಣ್ಣಗಿದ್ದರೆ ಕೆಸರು ತಳದಲ್ಲೇ ಉಳಿಯುತ್ತದೆ. ಡ್ರೈನ್ ಬೋಲ್ಟಿನ ವಾಷರ್ ಬದಲಿಸಿ. ಹೊಸ ಫಿಲ್ಟರಿನ ರಬ್ಬರ್ ಉಂಗುರಕ್ಕೆ ಆಯಿಲ್ ಸವರಿ, ಉಂಗುರ ತಾಗಿದ ಮೇಲೆ ಕೈಯಿಂದ ಮುಕ್ಕಾಲು ಸುತ್ತು ಮಾತ್ರ ಬಿಗಿಮಾಡಿ. ಹಳೆಯ ಫಿಲ್ಟರಿನ ಉಂಗುರ ಎಂಜಿನ್ನಿಗೇ ಅಂಟಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿ. ಎರಡು ಉಂಗುರ ಕೂತರೆ ಕೆಲವೇ ನಿಮಿಷಗಳಲ್ಲಿ ಆಯಿಲ್ ಎಲ್ಲ ಹೊರಗೆ ಬರುತ್ತದೆ. ಇಂಥ ಎಂಜಿನ್‌ಗಳಿಗೆ ಸಾಮಾನ್ಯವಾಗಿ 15ಡಬ್ಲ್ಯು-40 ಡೀಸೆಲ್ ಎಂಜಿನ್ ಆಯಿಲ್ ಹೊಂದುತ್ತದೆ, ಆದರೆ ಕೈಪಿಡಿಯ ಮಾತೇ ಅಂತಿಮ.

ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್‌ನಲ್ಲಿ ಒಂದು ಎಚ್ಚರಿಕೆ: ಮೊದಲು ತುಂಬುವ ಬೋಲ್ಟನ್ನು ಸಡಿಲಿಸಿ, ಅದು ಬಿಚ್ಚಿ ಬಂದ ಮೇಲೆಯೇ ಕೆಳಗಿನ ಡ್ರೈನ್ ಬೋಲ್ಟಿಗೆ ಕೈ ಹಾಕಿ. ಆಯಿಲ್ ಇಳಿಸಿಬಿಟ್ಟು, ಮೇಲಿನ ಬೋಲ್ಟ್ ತುಕ್ಕು ಹಿಡಿದು ಜಪ್ಪಯ್ಯ ಎನ್ನದಿದ್ದರೆ ಗಾಡಿ ಅಲ್ಲಿಂದ ಕದಲುವಂತಿಲ್ಲ.

ಇಳಿದ ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ಅದರಲ್ಲಿ ನೀರು ಸೇರಿದೆ ಎಂದರ್ಥ. ಆಗ ಹೊಸ ಆಯಿಲ್ ಹಾಕಿ ಓಡಿಸಬೇಡಿ. ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಪರೀಕ್ಷೆಯಾಗಬೇಕು. ಹಳೆಯ ಆಯಿಲನ್ನು ಚರಂಡಿಗೂ ತೋಟಕ್ಕೂ ಸುರಿಯದೆ ಕ್ಯಾನಿನಲ್ಲಿ ತುಂಬಿ, ಬಳಸಿದ ಆಯಿಲ್ ಕೊಳ್ಳುವವರಿಗೆ ಕೊಡಿ.

6. ಡೀಸೆಲ್ ಫಿಲ್ಟರ್ ಮತ್ತು ಏರ್ ತೆಗೆಯುವುದು

ಅತಿ ಹೆಚ್ಚು ಜನ ಸೋಲುವುದು ಈ ಹಂತದಲ್ಲಿ. ಯಾಂತ್ರಿಕ ಪಂಪಿಗೆ ಡೀಸೆಲ್ ಒಂದೇ ಸಮನೆ, ಗುಳ್ಳೆಯಿಲ್ಲದೆ ಹರಿದು ಬರಬೇಕು. ಗಾಳಿ ಒತ್ತಿದರೆ ಕುಗ್ಗುವ ವಸ್ತುವಾದ್ದರಿಂದ, ಪಂಪ್ ಎಷ್ಟು ತಳ್ಳಿದರೂ ಇಂಜೆಕ್ಟರ್ ತೆರೆಯುವಷ್ಟು ಒತ್ತಡ ಹುಟ್ಟುವುದಿಲ್ಲ. ಆದ್ದರಿಂದ ಗಾಳಿಯನ್ನು ಟ್ಯಾಂಕಿನ ಕಡೆಯಿಂದ ಇಂಜೆಕ್ಟರಿನ ಕಡೆಗೆ, ಒಂದೊಂದೇ ಮೆಟ್ಟಿಲು ದಾಟಿಸುತ್ತಾ ಹೊರಹಾಕಬೇಕು. ನೇರವಾಗಿ ಇಂಜೆಕ್ಟರ್ ಪೈಪಿಗೆ ಹೋಗುವವರು ಬ್ಯಾಟರಿ ಇಳಿಸಿಕೊಳ್ಳುತ್ತಾರೆಯೇ ಹೊರತು ಎಂಜಿನ್ ಸ್ಟಾರ್ಟ್ ಮಾಡುವುದಿಲ್ಲ.

*ಫಿಲ್ಟರ್ ಬದಲಿಸುವಾಗ.* ಟ್ಯಾಂಕಿನಲ್ಲಿ ಕಾಲುಭಾಗವಾದರೂ ಡೀಸೆಲ್ ಇರಲಿ. ಫಿಲ್ಟರಿನ ಸುತ್ತಲಿನ ಧೂಳನ್ನು ಒರೆಸಿದ ನಂತರವೇ ಬಿಚ್ಚಿ. ಫಿಲ್ಟರ್ ಹೆಡ್ಡಿನ ತೋಡಿನಲ್ಲಿ ಹಳೆಯ ರಬ್ಬರ್ ರಿಂಗ್ ಅಂಟಿರುತ್ತದೆ. ಅದನ್ನು ಪೂರ್ತಿ ತೆಗೆದು, ಹೊಸದನ್ನು ತಿರುಚದಂತೆ ಕೂರಿಸಬೇಕು. ಎರಡು ಫಿಲ್ಟರ್ ಇರುವ ಗಾಡಿಯಲ್ಲಿ ಪಂಪಿನ ಕಡೆಯ ಎರಡನೆಯ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿದು ತುಂಬಬೇಡಿ. ಅದರಲ್ಲಿರುವ ಕಸ ಸೋಸದೆ ನೇರ ಪಂಪಿಗೆ ಹೋಗುವ ಅಪಾಯವಿದೆ. ಅದನ್ನು ಹ್ಯಾಂಡ್ ಪಂಪ್ ಒತ್ತಿಯೇ ತುಂಬಿಸಿ.

*ಏರ್ ತೆಗೆಯುವ ಕ್ರಮ.* ಫಿಲ್ಟರ್ ಹೆಡ್ಡಿನ ಮೇಲಿನ ಏರ್ ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲಿಸಿ ಹ್ಯಾಂಡ್ ಪಂಪನ್ನು ಒತ್ತುತ್ತಾ ಹೋಗಿ. ಮೊದಲು ಬರೀ ಗಾಳಿಯ ಸದ್ದು, ಆಮೇಲೆ ಸಾಬೂನಿನ ನೊರೆಯಂತೆ ಬೆಳ್ಳಗಿನ ಡೀಸೆಲ್, ಕೊನೆಗೆ ತಿಳಿಯಾದ ಅಖಂಡ ಧಾರೆ ಬರುತ್ತದೆ. ಧಾರೆ ತಿಳಿಯಾದ ಮೇಲೂ ಹತ್ತು ಹದಿನೈದು ಸಲ ಒತ್ತಿ, ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಮಾಡಿ. ಹರಿವು ನಿಂತ ಮೇಲೆ ಬಿಗಿಮಾಡಿದರೆ ಒಂದು ಗುಳ್ಳೆ ಒಳಗೆ ಮರಳಿ ಹೋಗಿರುತ್ತದೆ. ನಂತರ ಇಂಜೆಕ್ಷನ್ ಪಂಪಿನ ಮೇಲಿನ ಏರ್ ಸ್ಕ್ರೂವಿನಲ್ಲೂ ಇದನ್ನೇ ಮಾಡಿ.

ಇಷ್ಟಾದ ಮೇಲೆ ಸೆಲ್ಫ್ ಹೊಡೆದು ನೋಡಿ. ಬಹಳಷ್ಟು ಗಾಡಿಗಳು ಇಲ್ಲಿಗೇ ಸ್ಟಾರ್ಟ್ ಆಗುತ್ತವೆ. ಆಗದಿದ್ದರೆ ಮಾತ್ರ ಇಂಜೆಕ್ಟರ್ ತುದಿಯಲ್ಲಿ ಪೈಪಿನ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚಾಗದಂತೆ ಸೆಲ್ಫ್ ಹೊಡೆಯಿರಿ; ಎರಡು ಯತ್ನಗಳ ನಡುವೆ ಒಂದು ನಿಮಿಷ ಸ್ಟಾರ್ಟರ್ ತಣಿಯಲಿ. ನಟ್ಟಿನ ಬುಡದಲ್ಲಿ ಡೀಸೆಲ್ ಚಿಮ್ಮತೊಡಗಿದ ಮೇಲೆ ಸೆಲ್ಫ್ ನಿಲ್ಲಿಸಿ, ಎಲ್ಲವನ್ನೂ ಬಿಗಿಮಾಡಿ ಸ್ಟಾರ್ಟ್ ಮಾಡಿ. ಆ ಸಮಯದಲ್ಲಿ ಕೈ, ಮುಖ ದೂರವಿರಲಿ. ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೋಗಬಲ್ಲದು. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಅದಕ್ಕೆ ತಕ್ಷಣ ಆಸ್ಪತ್ರೆಯ ಚಿಕಿತ್ಸೆ ಬೇಕಾಗುತ್ತದೆ.

*ಆದರೂ ಸ್ಟಾರ್ಟ್ ಆಗದಿದ್ದರೆ.* ಪಂಪಿನವರೆಗೆ ತಿಳಿ ಡೀಸೆಲ್ ಬರುತ್ತಿದ್ದು ಇಂಜೆಕ್ಟರಿನಲ್ಲಿ ಹನಿಯೂ ಇಲ್ಲದಿದ್ದರೆ, ಪಂಪನ್ನು ದೂರುವ ಮುನ್ನ ಎಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ ಅಥವಾ ಸ್ಟಾಪ್ ಸೊಲೆನಾಯ್ಡ್ ನೋಡಿ. ಕೇಬಲ್ ಇರುವ ಗಾಡಿಯಲ್ಲಿ ಪಂಪಿನ ಸ್ಟಾಪ್ ಲಿವರ್ ಪೂರ್ತಿ ಹಿಂದಕ್ಕೆ ಬಂದಿರಬೇಕು. ಸೊಲೆನಾಯ್ಡ್ ಇರುವಲ್ಲಿ ಕೀ ತಿರುಗಿಸಿದಾಗ ಅದು ಕ್ಲಿಕ್ ಎನ್ನಬೇಕು. ಎನ್ನದಿದ್ದರೆ ಅದರ ವೈರಿಗೆ ಕರೆಂಟು ಬರುತ್ತಿದೆಯೇ ಎಂದು ಮೀಟರಿನಲ್ಲಿ ಪರೀಕ್ಷಿಸಿ. ಫಿಲ್ಟರ್ ಕೆಲಸದ ವೇಳೆ ಕೈ ತಾಗಿ ಈ ವೈರು ಕಳಚಿರುವುದು ಅಪರೂಪವಲ್ಲ.

*ಸ್ಟಾರ್ಟ್ ಆಗಿ ಮತ್ತೆ ನಿಲ್ಲುತ್ತಿದ್ದರೆ.* ಹಾಗಾದರೆ ಗಾಡಿ ಎಲ್ಲಿಂದಲೋ ಏರ್ ಎಳೆಯುತ್ತಿದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಲೈನಿನಲ್ಲಿ ಡೀಸೆಲ್ ಹೀರಲ್ಪಡುವುದರಿಂದ, ಅಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಒಣಗಿಯೇ ಇರುತ್ತದೆ. ಫೀಡ್ ಪಂಪಿಗೆ ಬರುವ ಹೋಸಿನ ಜಾಗದಲ್ಲಿ ಪಾರದರ್ಶಕ ಟ್ಯೂಬನ್ನು ತಾತ್ಕಾಲಿಕವಾಗಿ ಜೋಡಿಸಿ ಎಂಜಿನ್ ಓಡಿಸಿದರೆ ಗುಳ್ಳೆಗಳು ಕಣ್ಣಿಗೆ ಕಾಣುತ್ತವೆ. ಗುಳ್ಳೆ ಕಂಡರೆ ಟ್ಯೂಬನ್ನು ಟ್ಯಾಂಕಿನ ಕಡೆಗೆ ಒಂದೊಂದೇ ಜೋಡಣೆ ದಾಟಿಸುತ್ತಾ ಹೋಗಿ. ಅವು ಎಲ್ಲಿ ಮಾಯವಾಗುತ್ತವೆಯೋ ಅದಕ್ಕೂ ಹಿಂದಿನ ಜಾಗಕ್ಕೂ ನಡುವೆ ದೋಷವಿದೆ. ಬಿರುಕು ಬಿಟ್ಟ ರಬ್ಬರ್ ಹೋಸ್, ಸಡಿಲವಾದ ಕ್ಲಿಪ್, ಒತ್ತಿ ಕೂರಿಸದೆ ಬಿಟ್ಟ ಹ್ಯಾಂಡ್ ಪಂಪಿನ ಗುಬುಟು, ಹಳೆಯ ತಾಮ್ರದ ವಾಷರ್, ಇವೇ ಸಾಮಾನ್ಯ ಕಾರಣಗಳು.

ನೀರು ಬೇರ್ಪಡಿಸುವ ಬಟ್ಟಲಿನ ಕೆಳಗಿನ ಸ್ಕ್ರೂವನ್ನು ವಾರಕ್ಕೊಮ್ಮೆ ಸಡಿಲಿಸಿ, ಬರುವ ದ್ರವವನ್ನು ಗಾಜಿನ ಲೋಟದಲ್ಲಿ ಹಿಡಿಯಿರಿ. ತಳದಲ್ಲಿ ನೀರು ಬೇರೆಯಾಗಿ ನಿಂತರೆ ತಿಳಿ ಡೀಸೆಲ್ ಬರುವವರೆಗೆ ಬಿಡಿ. ಮಳೆಗಾಲದಲ್ಲಿ ಇದನ್ನು ತಪ್ಪಿಸಬೇಡಿ.

7. ಕೂಲಿಂಗ್ ವ್ಯವಸ್ಥೆ

ರೇಡಿಯೇಟರ್ ಮುಚ್ಚಳವನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ತೆರೆಯಿರಿ. ಬೋರ್‌ವೆಲ್ ನೀರು ತುಂಬುವ ಅಭ್ಯಾಸ ಹಳೆಯ ಪಿಕಪ್‌ಗಳ ರೇಡಿಯೇಟರನ್ನು ಕೊಲ್ಲುತ್ತದೆ. ಬಯಲುಸೀಮೆಯ ಗಡಸು ನೀರಿನ ಸುಣ್ಣ ಕೊಳವೆಗಳೊಳಗೆ ಪದರಗಟ್ಟುತ್ತದೆ. ಹಳೆಯದನ್ನು ಇಳಿಸಿ, ಕೆಳಗಿನ ಹೋಸ್ ಬಿಚ್ಚಿ, ತಿಳಿ ನೀರು ಬರುವವರೆಗೆ ತೊಳೆದು, ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ ತುಂಬಿ. ಮುಚ್ಚಳ ತೆರೆದಿಟ್ಟು ಎಂಜಿನ್ ಓಡಿಸಿ. ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾದಾಗ ಮಟ್ಟ ಒಮ್ಮೆ ಇಳಿಯುತ್ತದೆ, ಆಗ ಮತ್ತೆ ತುಂಬಿ ಮುಚ್ಚಬೇಕು.

ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಸಲಹೆಯನ್ನು ನಾನು ಖಂಡಿತ ಒಪ್ಪುವುದಿಲ್ಲ. ಅದಿಲ್ಲದ ಡೀಸೆಲ್ ಎಂಜಿನ್ ಸರಿಯಾದ ತಾಪಕ್ಕೆ ಬರದೆ ಹೆಚ್ಚು ಹೊಗೆ ಉಗುಳುತ್ತದೆ, ಹೆಚ್ಚು ಡೀಸೆಲ್ ಕುಡಿಯುತ್ತದೆ, ಒಳಗೆ ಬೇಗ ಸವೆಯುತ್ತದೆ. ಬಿಸಿಯಾಗುವ ನಿಜವಾದ ಕಾರಣ ಅಲ್ಲೇ ಉಳಿಯುತ್ತದೆ. ಬೆಲ್ಟಿನ ಬಿಗಿತ, ಫ್ಯಾನ್, ರೇಡಿಯೇಟರಿನ ಮುಂದೆ ಸಿಕ್ಕಿದ ಕಸ, ಮುಚ್ಚಳದ ಸ್ಪ್ರಿಂಗು, ಇವುಗಳನ್ನು ಮೊದಲು ನೋಡಿ. ಎಂಜಿನ್ ಬಿಸಿಯಾದ ಮೇಲೂ ರೇಡಿಯೇಟರಿನ ಬಾಯಲ್ಲಿ ಎಡೆಬಿಡದೆ ಗುಳ್ಳೆ ಬರುತ್ತಿದ್ದರೆ ಅದು ಹೆಡ್ ಗ್ಯಾಸ್ಕೆಟ್ ಹೋದ ಲಕ್ಷಣ.

8. ಬ್ರೇಕ್

ಕ್ರಮ ಹೀಗಿರಲಿ: ಮೊದಲು ಹಿಂದಿನ ಡ್ರಮ್ ಬಿಚ್ಚಿ ಲೈನರ್ ಮತ್ತು ವೀಲ್ ಸಿಲಿಂಡರ್ ನೋಡುವುದು, ಅಗತ್ಯವಿದ್ದರೆ ಬದಲಿಸುವುದು, ಲೈನರ್ ಹೊಂದಾಣಿಕೆ ಮಾಡುವುದು, ಕೊನೆಗೆ ಏರ್ ತೆಗೆಯುವುದು. ಲೈನರ್ ಹೊಂದಿಸದೆ ಏರ್ ತೆಗೆದವರಿಗೆ ಪೆಡಲ್ ಯಾವಾಗಲೂ ಕೆಳಗೇ ಹೋಗುತ್ತದೆ. ಡ್ರಮ್ಮಿಗೂ ಲೈನರಿಗೂ ಅಂತರ ಹೆಚ್ಚಿರುವಾಗ ಪೆಡಲಿನ ಮೊದಲ ಅರ್ಧ ಚಲನೆ ಆ ಅಂತರ ತುಂಬುವುದಕ್ಕೇ ಖರ್ಚಾಗುತ್ತದೆ, ಅದನ್ನು ಏರ್ ಎಂದು ತಪ್ಪಾಗಿ ತಿಳಿಯುತ್ತಾರೆ.

*ಡ್ರಮ್ ಬಿಚ್ಚುವುದು.* ಹ್ಯಾಂಡ್‌ಬ್ರೇಕ್ ಇಳಿಸಿ, ಲೈನರಿನ ಅಂತರ ಹೊಂದಿಸುವ ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿ. ಡ್ರಮ್ ಹಿಡಿದುಕೊಂಡಿದ್ದರೆ ಅದರ ಮುಖದಲ್ಲಿರುವ, ಥ್ರೆಡ್ ಇರುವ ಎರಡು ರಂಧ್ರಗಳಿಗೆ ಹೊಂದುವ ಬೋಲ್ಟ್ ಹಾಕಿ ಎರಡನ್ನೂ ಸಮವಾಗಿ ಬಿಗಿಮಾಡುತ್ತಾ ಬಂದರೆ ಡ್ರಮ್ ತಾನಾಗಿ ಹೊರಬರುತ್ತದೆ. ಸುತ್ತಿಗೆಯಿಂದ ಅಂಚಿಗೆ ಹೊಡೆದರೆ ಬೀಡುಕಬ್ಬಿಣದ ಡ್ರಮ್ ಒಡೆಯುತ್ತದೆ. ಒಳಗಿನ ಧೂಳನ್ನು ಊದಬೇಡಿ, ಕಂಪ್ರೆಸರ್ ಗಾಳಿಯನ್ನೂ ಬಿಡಬೇಡಿ. ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ವೀಲ್ ಸಿಲಿಂಡರಿನ ಎರಡೂ ತುದಿಯ ರಬ್ಬರ್ ಟೋಪಿಯನ್ನು ತುಸು ಸರಿಸಿ ನೋಡಿ. ಒಳಗೆ ಒದ್ದೆಯಿದ್ದರೆ ಸಿಲಿಂಡರನ್ನೇ ಬದಲಿಸಿ, ಎಡ ಬಲ ಎರಡೂ ಕಡೆ. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದು ಅಪಾಯಕಾರಿ. ಬಿಸಿಯಾದಾಗ ಒಳಗಿನ ಆಯಿಲ್ ಮತ್ತೆ ಮೇಲೆ ಬರುತ್ತದೆ, ಗಾಡಿ ಒಂದೇ ಬದಿಗೆ ಎಳೆಯುತ್ತದೆ. ಎರಡೂ ಬದಿಯ ಲೈನರ್‌ಗಳನ್ನು ಒಟ್ಟಿಗೇ ಬದಲಿಸಿ. ಮುಂದಿನ ಡಿಸ್ಕ್ ಪ್ಯಾಡುಗಳಲ್ಲಿ ಉಜ್ಜುವ ಪದರ 3 ಮಿ.ಮೀ.ಗೆ ಇಳಿದಿದ್ದರೆ ಅವನ್ನೂ ಬದಲಿಸುವ ಕಾಲ ಬಂದಿದೆ.

*ಏರ್ ತೆಗೆಯುವುದು.* ಇಲ್ಲಿ ಪಿಕಪ್‌ಗೇ ವಿಶಿಷ್ಟವಾದ ಒಂದು ಸಂಗತಿ ಇದೆ, ಅದು ತಿಳಿಯದೆ ಜನ ದಿನಗಟ್ಟಲೆ ಒದ್ದಾಡುತ್ತಾರೆ. ಹಲವು ಪಿಕಪ್‌ಗಳಲ್ಲಿ ಚಾಸಿಗೂ ಹಿಂದಿನ ಹೌಸಿಂಗಿಗೂ ನಡುವೆ ಒಂದು ಕಡ್ಡಿ ಅಥವಾ ಸ್ಪ್ರಿಂಗಿನಿಂದ ಜೋಡಿಸಿದ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ. ಹೊರೆ ಕಡಿಮೆಯಿದ್ದಾಗ ಹಿಂದಿನ ಚಕ್ರಗಳು ಲಾಕ್ ಆಗದಂತೆ ಅದು ಹಿಂಬದಿಯ ಬ್ರೇಕ್ ಒತ್ತಡವನ್ನು ತಗ್ಗಿಸುತ್ತದೆ. ನೀವು ಚಾಸಿಗೆ ಸ್ಟ್ಯಾಂಡ್ ಕೊಟ್ಟು ಹೌಸಿಂಗ್ ಕೆಳಗೆ ಜೋತುಬಿದ್ದರೆ, ಗಾಡಿಯಲ್ಲಿ ಏನೂ ಹೊರೆಯಿಲ್ಲ ಎಂದು ವಾಲ್ವ್ ಭಾವಿಸಿ ಆಯಿಲಿನ ಹರಿವನ್ನೇ ಹಿಡಿದುಬಿಡುತ್ತದೆ. ಆದ್ದರಿಂದ ಏರ್ ತೆಗೆಯುವಾಗ ಗಾಡಿಯ ಭಾರ ಪಾಟಾದ ಮೇಲೆಯೇ ಇರಬೇಕು: ಚಕ್ರ ನೆಲದ ಮೇಲಿರಲಿ, ಇಲ್ಲವೇ ಸ್ಟ್ಯಾಂಡು ಹೌಸಿಂಗಿನ ಅಡಿಗಿರಲಿ. ವಾಲ್ವಿಗೇ ಬ್ಲೀಡರ್ ನಿಪ್ಪಲ್ (ಗಾಳಿ ಹೊರಬಿಡುವ ಸ್ಕ್ರೂ) ಇದ್ದರೆ ಅಲ್ಲಿಯೂ ಏರ್ ತೆಗೆಯಬೇಕು.

ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರುಮಾಡಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಬ್ಲೀಡರಿಗೆ ಪಾರದರ್ಶಕ ಟ್ಯೂಬ್ ಹಾಕಿ, ಅದರ ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಳಗೆ ಕುಳಿತವರು ಪೆಡಲನ್ನು ಮೂರು ನಾಲ್ಕು ಸಲ ನಿಧಾನವಾಗಿ ಒತ್ತಿ, ಕೊನೆಗೆ ಒತ್ತಿ ಹಿಡಿದು "ಹಿಡಿದಿದ್ದೇನೆ" ಎನ್ನಬೇಕು. ಕೆಳಗಿನವರು ಬ್ಲೀಡರ್ ಅರ್ಧ ಸುತ್ತು ಬಿಚ್ಚಿ, ಗುಳ್ಳೆ ಹೊರಬಿದ್ದ ಕೂಡಲೇ ಮುಚ್ಚಿ, ಆಮೇಲೆ "ಬಿಡಿ" ಎನ್ನಬೇಕು. ಈ ಮಾತು ಕೇಳುವ ಮುನ್ನ ಕಾಲು ತೆಗೆದರೆ ಹೊರಹೋದ ಗಾಳಿ ಮತ್ತೆ ಒಳಗೆ ಬರುತ್ತದೆ. ಐದಾರು ಸಲಕ್ಕೊಮ್ಮೆ ಮೇಲಿನ ಡಬ್ಬಿಯಲ್ಲಿ ಆಯಿಲ್ ಮಟ್ಟ ನೋಡುತ್ತಿರಿ. ಅದು ಖಾಲಿಯಾದರೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಪೆಡಲಿನ ಅಡಿಗೆ ಎರಡು ಮೂರು ಅಂಗುಲ ದಪ್ಪದ ಮರದ ತುಂಡು ಇಡಿ. ದಿನನಿತ್ಯದ ಓಡಾಟದಲ್ಲಿ ಹಳೆಯ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಆಳಕ್ಕೆ ಹೋಗುವುದಿಲ್ಲ, ಆ ಕೊನೆಯ ಭಾಗದಲ್ಲಿ ತುಕ್ಕು ಮತ್ತು ಜಿಡ್ಡು ಕೂತಿರುತ್ತದೆ. ಏರ್ ತೆಗೆಯುವಾಗ ಪೆಡಲನ್ನು ನೆಲಕ್ಕೆ ತಾಗಿಸಿದರೆ ಸೀಲಿನ ಅಂಚು ಆ ಒರಟು ಭಾಗಕ್ಕೆ ಉಜ್ಜಿ ಹರಿಯುತ್ತದೆ. ನಿನ್ನೆ ಚೆನ್ನಾಗಿದ್ದ ಮಾಸ್ಟರ್ ಸಿಲಿಂಡರ್ ಇಂದು ಕೆಟ್ಟುಹೋಯಿತೆಂದು ದೂರುವವರಲ್ಲಿ ಹಲವರಿಗೆ ಆಗಿರುವುದು ಇದೇ.

ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಡಾಟ್-3 ಅಥವಾ ಡಾಟ್-4 ಬ್ರೇಕ್ ಆಯಿಲನ್ನೇ, ಸೀಲ್ ಒಡೆಯದ ಬಾಟಲಿಯಿಂದ ಬಳಸಿ. ಅದು ಗಾಳಿಯ ತೇವವನ್ನು ಹೀರುವುದರಿಂದ ವರ್ಷದ ಹಿಂದೆ ತೆರೆದಿಟ್ಟ ಬಾಟಲಿ ಕೆಲಸಕ್ಕೆ ಬಾರದು. ಗಾಡಿಯೊಳಗಿನ ಆಯಿಲನ್ನೂ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಎಂಜಿನ್ ಆಯಿಲಿನ ಒಂದು ಹನಿಯೂ ಇದಕ್ಕೆ ಸೇರಬಾರದು, ರಬ್ಬರ್ ಸೀಲುಗಳೆಲ್ಲ ಊದಿಕೊಂಡು ಹಾಳಾಗುತ್ತವೆ.

*ಬೂಸ್ಟರ್ ಪರೀಕ್ಷೆ.* ಎಂಜಿನ್ ನಿಲ್ಲಿಸಿ ಪೆಡಲನ್ನು ಐದಾರು ಸಲ ಒತ್ತಿ, ಗಟ್ಟಿಯಾದ ಮೇಲೆ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ವ್ಯಾಕ್ಯೂಮ್ ಹೋಸ್ ಮತ್ತು ವ್ಯಾಕ್ಯೂಮ್ ಪಂಪ್ ನೋಡಿ. ಹಲವು ಡೀಸೆಲ್ ಪಿಕಪ್‌ಗಳಲ್ಲಿ ಈ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ, ಆಯಿಲ್ ಹೋಸಿನಿಂದ ಅದಕ್ಕೆ ಎಂಜಿನ್ ಆಯಿಲ್ ಬರುತ್ತದೆ. ಎಂಜಿನ್ ಓಡುವಾಗ ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ನೆಲಕ್ಕೆ ಇಳಿಯುತ್ತಾ ಹೋದರೆ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ ಸೀಲ್ ಒಳಗೇ ಬಿಡುತ್ತಿದೆ ಎಂದು ತಿಳಿಯಿರಿ.

9. ಪಾಟಾ, ಪ್ರೊಪೆಲ್ಲರ್ ಶಾಫ್ಟ್, ಗ್ರೀಸ್, ತುಕ್ಕು

ಪಾಟಾದ ಪ್ರತಿ ಪ್ಲೇಟಿನ ಅಂಚನ್ನು ತಂತಿ ಬ್ರಷ್‌ನಿಂದ ಉಜ್ಜಿ ಬಿರುಕು ಹುಡುಕಿ. ಹೌಸಿಂಗ್ ಒಂದು ಬದಿಯಲ್ಲಿ ಹಿಂದಕ್ಕೆ ಸರಿದಂತೆ ಕಂಡರೆ ಸೆಂಟರ್ ಬೋಲ್ಟ್ ತುಂಡಾಗಿದೆ. ಅದಕ್ಕೆ ಮೂಲ ಕಾರಣ ಯು-ಬೋಲ್ಟ್ ಸಡಿಲವಾಗಿರುವುದು. ಗ್ರೀಸ್ ಹೊಡೆಯುವ ಮುನ್ನ ನಿಪ್ಪಲಿನ ತಲೆಯನ್ನು ಒರೆಸಿ, ಹಳೆಯ ಗ್ರೀಸ್ ಅಂಚಿನಿಂದ ಹೊರಬಂದು ಹೊಸದರ ಬಣ್ಣ ಕಾಣುವವರೆಗೆ ಹೊಡೆಯಿರಿ. ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ತಿರುಚಿದಾಗ ಕ್ರಾಸಿನಲ್ಲಿ (ಯೂನಿವರ್ಸಲ್ ಜಾಯಿಂಟ್) ಟಕ್ ಎಂದರೆ ಕ್ರಾಸ್ ಬದಲಿಸಿ. ಶಾಫ್ಟ್ ಬಿಚ್ಚುವ ಮೊದಲು ಎರಡೂ ತುಂಡುಗಳ ಮೇಲೆ ಪೇಂಟಿನ ಗುರುತು ಹಾಕಿಕೊಂಡು, ಅದೇ ಜಾಗಕ್ಕೆ ಕೂರಿಸಬೇಕು, ಇಲ್ಲದಿದ್ದರೆ ವೇಗದಲ್ಲಿ ನಡುಗುತ್ತದೆ.

ಕರಾವಳಿಯಲ್ಲಿ ಮೀನು ಸಾಗಿಸುವ ಪಿಕಪ್‌ಗಳ ತುಕ್ಕು ಬೇರೆಯೇ ಬಗೆಯದು. ಐಸು ಕರಗಿದ ಉಪ್ಪುನೀರು ಬಾಡಿಯ ಹಲಗೆಗಳ ಸಂದಿನಿಂದ ಚಾಸಿಯ ಮೇಲೂ ಬ್ರೇಕ್ ಪೈಪಿನ ಮೇಲೂ ದಿನವಿಡೀ ಜಿನುಗುತ್ತದೆ. ಅಂಥ ಗಾಡಿಯನ್ನು ಪ್ರತಿ ಸರಕು ಇಳಿಸಿದ ಮೇಲೆ ಸಿಹಿನೀರಿನಲ್ಲಿ ಅಡಿಯಿಂದಲೂ ತೊಳೆಯಬೇಕು. ಬ್ರೇಕ್ ಪೈಪನ್ನು ಕ್ಲಿಪ್ಪಿನಿಂದ ಬಿಡಿಸಿ, ಕ್ಲಿಪ್ಪಿನ ಅಡಿಯಲ್ಲಿದ್ದ ಭಾಗವನ್ನೇ ನೋಡಿ, ತೂತು ಬೀಳುವುದು ಅಲ್ಲೇ. ಉಗುರಿನಿಂದ ಕೆರೆದಾಗ ಪದರ ಏಳುವ ಪೈಪನ್ನು ಬದಲಿಸಿ. ಚಾಸಿಯನ್ನು ಚಿಕ್ಕ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಲೋಹ ಖಣ್ ಎನ್ನುತ್ತದೆ, ಒಳಗೆ ಕೊಳೆತದ್ದು ಮಂಕಾದ ಸದ್ದು ಕೊಡುತ್ತದೆ. ಚಾಸಿಯ ವೆಲ್ಡಿಂಗ್ ಮನೆಯ ಕೆಲಸವಲ್ಲ.

ಇಂಜೆಕ್ಷನ್ ಪಂಪ್ ಮತ್ತು ಇಂಜೆಕ್ಟರುಗಳ ಒಳಗಿನ ಕೆಲಸ, ಹೆಡ್ ಗ್ಯಾಸ್ಕೆಟ್, ಡಿಫರೆನ್ಷಿಯಲ್ ಹೊಂದಾಣಿಕೆ, ಇವನ್ನೂ ಅದಕ್ಕೆಂದೇ ಉಪಕರಣ ಇರುವವರಿಗೆ ಬಿಡಿ.

10. ಓಡಿಸಿ ನೋಡುವುದು

ಚಕ್ರದ ನಟ್ಟುಗಳನ್ನು ಒಂದರ ಪಕ್ಕದ್ದಲ್ಲದೆ ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಮಾಡಿ. ಸ್ಟಡ್ಡಿಗೆ ಗ್ರೀಸ್ ಹಚ್ಚಬೇಡಿ. ಮೊದಲು ಅಂಗಳದಲ್ಲೇ ನಡಿಗೆಯ ವೇಗದಲ್ಲಿ ಬ್ರೇಕ್ ಹಿಡಿದು ನೋಡಿ, ನಂತರ ಖಾಲಿ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ನೇರ ನಿಲ್ಲುತ್ತದೆಯೇ ಗಮನಿಸಿ. ಹತ್ತು ಕಿಲೋಮೀಟರ್ ಓಡಿದ ಮೇಲೆ ಇಳಿದು, ನಾಲ್ಕೂ ಚಕ್ರಗಳ ನಡುಭಾಗದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ವಿಪರೀತ ಬಿಸಿಯಿದ್ದರೆ ಅಲ್ಲಿ ಲೈನರ್ ಉಜ್ಜುತ್ತಿದೆ ಅಥವಾ ಬೇರಿಂಗ್ ಬಿಗಿಯಾಗಿದೆ.

ಸ್ಟಾರ್ಟ್ ಮಾಡಿದಾಗ ಕ್ಷಣಕಾಲ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಾ ಕೂಲೆಂಟ್ ಇಳಿಯುತ್ತಿದ್ದರೆ ಅದು ಸಿಲಿಂಡರಿನೊಳಗೆ ಸೇರಿ ಆವಿಯಾಗುತ್ತಿದೆ, ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ. ಹೊರೆಯಿಲ್ಲದಾಗಲೂ ಕಪ್ಪು ಹೊಗೆ ಬಂದರೆ ಮೊದಲು ಏರ್ ಫಿಲ್ಟರ್ ನೋಡಿ.

50ರಿಂದ 100 ಕಿಲೋಮೀಟರ್ ಆದ ಮೇಲೆ ಚಕ್ರದ ನಟ್ಟು, ಯು-ಬೋಲ್ಟ್, ಡ್ರೈನ್ ಬೋಲ್ಟ್ ಇವೆಲ್ಲವನ್ನೂ ಮತ್ತೊಮ್ಮೆ ಬಿಗಿಮಾಡಿ, ಬ್ರೇಕ್ ಆಯಿಲ್ ಮತ್ತು ಕೂಲೆಂಟಿನ ಮಟ್ಟ ನೋಡಿ, ಮತ್ತೆ ಒಂದು ರಾತ್ರಿ ರಟ್ಟು ಹಾಸಿ ನಿಲ್ಲಿಸಿ. ಈ ಮರುಪರೀಕ್ಷೆ ಮುಗಿಯುವವರೆಗೆ ಹೊರೆ ತುಂಬಿಕೊಂಡು ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿ ಇಳಿಯಬೇಡಿ.